ರನ್‌ಡೌನ್ ಶೀಟಿನಿಂದ ಸುದ್ದಿ ಮುಖ್ಯಸ್ಥರ ಕುರ್ಚಿಯವರೆಗೆ

ಟಿವಿ ಸುದ್ದಿ ವಿಭಾಗದಲ್ಲಿ ಮೇಲೇರುವ ದಾರಿಗಳು ಹಲವು. ವರದಿಗಾರಿಕೆಯಿಂದ ಬಂದವರಿದ್ದಾರೆ, ಕ್ಯಾಮೆರಾ ಮುಂದೆ ಕೂತು ಹೆಸರು ಮಾಡಿ ಬಂದವರಿದ್ದಾರೆ, ಲೆಕ್ಕಪತ್ರ ನೋಡುತ್ತಲೇ ಬಂದವರೂ ಇದ್ದಾರೆ. ಆದರೆ ಹೊಸ ಕಾರ್ಯಕ್ರಮ ಕಟ್ಟುವ ಕೆಲಸಕ್ಕೆ ಕೈ ಪಳಗುವುದು ರನ್‌ಡೌನ್ ಮುಂದೆ ಕೂತಾಗಲೇ. ಕಾರ್ಯಕ್ರಮ ಅಂದರೆ ಶೀರ್ಷಿಕೆಯಲ್ಲ, ಸೆಟ್ಟಲ್ಲ, ಆಂಕರ್ ಮುಖವೂ ಅಲ್ಲ. ಇಷ್ಟು ನಿಮಿಷ ಇಷ್ಟು ಸೆಕೆಂಡಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬ ತೀರ್ಮಾನಗಳ ಸಾಲು ಅದು. ಆ ಸಾಲು ದಿನಾ ನಿಲ್ಲುವಂತಿದ್ದರೆ ಕಾರ್ಯಕ್ರಮ ಉಳಿಯುತ್ತದೆ.

ರನ್‌ಡೌನ್ ಎಂದರೆ ಬುಲೆಟಿನ್ನಿನ ಪಟ್ಟಿ. ಪ್ರತಿ ಸಾಲಿಗೂ ಒಂದು ಸ್ಲಗ್ (ಸುದ್ದಿಯ ಗುರುತಿಗೆ ಇಡುವ ಚುಟುಕು ಹೆಸರು), ಅದು ಆಂಕರ್ ಬರೀ ಓದುವುದೋ, ದೃಶ್ಯದ ಮೇಲೆ ಓದುವುದೋ, ಬೈಟ್ (ಯಾರದಾದರೂ ಮಾತಿನ ತುಣುಕು) ಇದೆಯೋ, ಪ್ಯಾಕೇಜೋ (ಮೊದಲೇ ಸಂಕಲಿಸಿಟ್ಟ ಪೂರ್ತಿ ವರದಿ), ಲೈವೋ ಎಂಬ ಗುರುತು, ಯಾವ ಕ್ಯಾಮೆರಾ, ಯಾವ ಗ್ರಾಫಿಕ್ಸ್, ಅಂದಾಜು ಅವಧಿ, ನಿಜವಾಗಿ ತೆಗೆದುಕೊಂಡ ಅವಧಿ, ಕೊನೆಗೆ ಬ್ಯಾಕ್‌ಟೈಮ್, ಅಂದರೆ ಆ ಸಾಲು ಶುರುವಾಗಲೇಬೇಕಾದ ಹೊತ್ತು. ಹೊಸಬರು ಅಂದಾಜು ಅವಧಿಯ ಕಾಲಂ ನೋಡುತ್ತಾ ಕೂರುತ್ತಾರೆ. ಕೈ ಪಳಗಿದವರ ಕಣ್ಣು ಬ್ಯಾಕ್‌ಟೈಮಿನ ಮೇಲೆ. ಲೆಕ್ಕ ಹಾಕುವುದು ಕೊನೆಯಿಂದ ಹಿಂದಕ್ಕೆ.

ಒಂದು ಉದಾಹರಣೆ. 9 ಗಂಟೆಯ ಅರ್ಧ ಗಂಟೆ ಬುಲೆಟಿನ್. ತಲಾ 2 ನಿಮಿಷ 20 ಸೆಕೆಂಡಿನ ಮೂರು ಬ್ರೇಕ್ ಎಂದರೆ 7 ನಿಮಿಷ ಹೋಯಿತು. ಹೆಡ್‌ಲೈನ್ಸ್ 45 ಸೆಕೆಂಡು, ಟೈಟಲ್ 10, ಪ್ರತಿ ಬ್ರೇಕಿಗೂ ಮುಂಚೆ ‘ಮುಂದೆ ಏನಿದೆ’ ಎಂದು ಹೇಳುವ ಟೀಸರ್ 15ರಂತೆ ಮೂರು. ಇಷ್ಟು ಸೇರಿದರೆ 1 ನಿಮಿಷ 40 ಸೆಕೆಂಡು. ಸುದ್ದಿಗೆ ಉಳಿದದ್ದು 21 ನಿಮಿಷ 20 ಸೆಕೆಂಡು. ಈಗ ಹಿಂದಿನಿಂದ ಬನ್ನಿ. ಮುಕ್ತಾಯದ ನಮಸ್ಕಾರಕ್ಕೆ 20 ಸೆಕೆಂಡು ಬೇಕು, ಅಂದರೆ ಅದು 9:29:40ಕ್ಕೆ ಶುರುವಾಗಲೇಬೇಕು. ಅದರ ಹಿಂದಿನ ಹಗುರ ಸ್ಟೋರಿ, ಆಂಕರ್ ಹೇಳುವ ಪೀಠಿಕೆ (ಲಿಂಕ್) ಸೇರಿ, 1:50, ಹಾಗಾಗಿ ಅದರ ಶುರು 9:27:50. ಹವಾಮಾನ 1:10, ಶುರು 9:26:40. ಕೊನೆಯ ಬ್ರೇಕ್ 9:24:20ಕ್ಕೆ ಹೋಗಬೇಕು, ಅದರ ಟೀಸರ್ 9:24:05ಕ್ಕೆ. ಬುಲೆಟಿನ್ ಮಧ್ಯದಲ್ಲಿ ಏನೇ ಕೋಲಾಹಲ ನಡೆದರೂ 9:24:05 ಎಂಬ ಅಂಕಿ ಕದಲುವಂತಿಲ್ಲ. ಬ್ರೇಕಿನ ಹೊತ್ತನ್ನು ಜಾಹೀರಾತಿನವರಿಗೆ ಮಾರಿಯಾಗಿರುತ್ತದೆ, 9:30ಕ್ಕೆ ಮುಂದಿನ ಕಾರ್ಯಕ್ರಮ ಎಂಸಿಆರ್‌ನಿಂದ (ಚಾನೆಲ್‌ನ ಪ್ರಸಾರವೆಲ್ಲ ಹೊರಹೋಗುವ ಮಾಸ್ಟರ್ ಕಂಟ್ರೋಲ್ ರೂಮ್) ತನ್ನಷ್ಟಕ್ಕೆ ಓಡತೊಡಗುತ್ತದೆ. ಆಂಕರ್ ವಾಕ್ಯದ ಮಧ್ಯದಲ್ಲಿದ್ದರೂ ಅದು ಕಾಯುವುದಿಲ್ಲ.

ಎಡವಟ್ಟು ಸಾಮಾನ್ಯವಾಗಿ ಲೈವ್ ಸಂದರ್ಶನದಲ್ಲಿ. ಮೂರು ನಿಮಿಷಕ್ಕೆಂದು ಇಟ್ಟದ್ದು ನಾಲ್ಕು ನಿಮಿಷ ಹತ್ತು ಸೆಕೆಂಡಾಗುತ್ತದೆ. ಆಗ 70 ಸೆಕೆಂಡು ಎಲ್ಲಿಂದ ತೆಗೆಯುವುದು? ಇದನ್ನು ಆ ಗಳಿಗೆಯಲ್ಲಿ ಯೋಚಿಸುವವರು ಉಳಿಯುವುದಿಲ್ಲ. ಮಧ್ಯದ ಭಾಗದಲ್ಲಿ 20ರಿಂದ 30 ಸೆಕೆಂಡಿನ ಎರಡು ಮೂರು ಓದುಸುದ್ದಿಗಳನ್ನು ‘ಹೋದರೆ ಹೋಗಲಿ’ ಎಂದೇ ಇಟ್ಟಿರಬೇಕು, ಯಾವುದು ಮೊದಲು ಹೋಗುತ್ತದೆ ಎಂಬುದನ್ನು ಬುಲೆಟಿನ್‌ಗೆ ಮುಂಚೆಯೇ ಡೈರೆಕ್ಟರ್‌ಗೂ ಗ್ರಾಫಿಕ್ಸ್‌ನವರಿಗೂ ಆಂಕರ್ ನೋಡಿ ಓದುವ ಪರದೆ, ಅಂದರೆ ಪ್ರಾಂಪ್ಟರ್, ನಡೆಸುವವರಿಗೂ ಹೇಳಿರಬೇಕು. ಪ್ಯಾಕೇಜನ್ನು ಅರ್ಧಕ್ಕೆ ಕತ್ತರಿಸಿ ಹೊರಬರುವುದು ಕೊನೆಯ ಉಪಾಯ. ನೋಡುವವರಿಗೆ ಅದು ತಾಂತ್ರಿಕ ದೋಷದಂತೆ ಕಾಣುತ್ತದೆ. ಇನ್ನೊಂದು ಕಡೆಯಿಂದಲೂ ಅಪಾಯವಿದೆ: ಲೈವ್ ಸಂಪರ್ಕವೇ ಸಿಗದೆ ಮೂರು ನಿಮಿಷ ಖಾಲಿ ಬೀಳಬಹುದು. ಅದಕ್ಕೆಂದು ಸಿದ್ಧವಾದ ಒಂದು ಪ್ಯಾಕೇಜ್ ರನ್‌ಡೌನ್‌ನ ತಳದಲ್ಲಿ, ಗೆರೆಯ ಕೆಳಗೆ, ಸದಾ ಇರಬೇಕು.

ನ್ಯೂಸ್‌ರೂಮ್ ಸಾಫ್ಟ್‌ವೇರ್ ಸ್ಕ್ರಿಪ್ಟಿನ ಪದ ಎಣಿಸಿ ಅವಧಿ ತೋರಿಸುತ್ತದಲ್ಲ, ಅದನ್ನು ಕಣ್ಣುಮುಚ್ಚಿ ನಂಬಬಾರದು. ಇಂಗ್ಲಿಷ್ ಓದಿನ ವೇಗಕ್ಕೆ ಹೊಂದಿಸಿದ ಲೆಕ್ಕ, ಪದಕ್ಕೆ ಪದ ಬೆಸೆದು ಬರೆಯುವ ಕನ್ನಡದಂಥ ಭಾಷೆಯಲ್ಲಿ ಅವಧಿಯನ್ನು ಕಡಿಮೆ ತೋರಿಸುತ್ತದೆ. ಪ್ರತಿ ಆಂಕರ್‌ಗೂ ಪ್ರಾಂಪ್ಟರಿನ ಒಂದೇ ಅಗಲದ 20 ಸಾಲು ಕೊಟ್ಟು ಓದಿಸಿ, ಗಡಿಯಾರ ಹಿಡಿದು, ಅವರವರ ವೇಗ ಬರೆದಿಟ್ಟುಕೊಳ್ಳುವುದೇ ದಾರಿ. ಒಬ್ಬರೇ ಬೆಳಿಗ್ಗೆ ಓದುವುದಕ್ಕೂ ರಾತ್ರಿ ಓದುವುದಕ್ಕೂ ವ್ಯತ್ಯಾಸವಿರುತ್ತದೆ.

ಬುಲೆಟಿನ್ ನಡೆಸುವ ನಿಯಂತ್ರಣ ಕೊಠಡಿ, ಅಂದರೆ ಪಿಸಿಆರ್‌ನೊಳಗಿನ ತಾಂತ್ರಿಕ ಜ್ಞಾನ ಎಷ್ಟು ಬೇಕು? ಬಟನ್ ಒತ್ತುವಷ್ಟು ಬೇಡ, ಏನು ಕೈಕೊಡುತ್ತದೆ ಎಂದು ಗೊತ್ತಿರುವಷ್ಟು ಬೇಕು. ಭೂಸ್ಥಿರ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ದನಿ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು. ಪ್ರಶ್ನೆಯೂ ಉತ್ತರವೂ ಉಪಗ್ರಹದ ಮೇಲೆಯೇ ಓಡಾಡಿದರೆ ಅರ್ಧ ಸೆಕೆಂಡು, ಅದರ ಮೇಲೆ ಎನ್‌ಕೋಡಿಂಗ್ ತಡ ಬೇರೆ. ವರದಿಗಾರ ಸುಮ್ಮನೆ ತಲೆಯಾಡಿಸುತ್ತಾ ನಿಂತಿರುವುದು ಅದಕ್ಕೇ. ಚಿಕ್ಕ ಪ್ರಶ್ನೆ, ನಡುವೆ ಬಾಯಿ ಹಾಕದ ಆಂಕರ್: ಪರಿಹಾರ ಇಷ್ಟೇ. ಇದಕ್ಕಿಂತ ಕೆಟ್ಟದ್ದು ಹೊರಗಿನ ಅತಿಥಿಯ ಕಿವಿಗೆ ಅವರದೇ ದನಿ ತಡವಾಗಿ ಮರಳುವುದು. ಹಾಗಾದರೆ ಎಂಥ ವಾಗ್ಮಿಯೂ ತೊದಲುತ್ತಾನೆ. ಅವರಿಗೆ ಕಳಿಸುವ ಧ್ವನಿಯಲ್ಲಿ ಅವರ ಧ್ವನಿ ಕಳೆದಿರಬೇಕು. ಇದನ್ನು ಮಿಕ್ಸ್-ಮೈನಸ್ ಎನ್ನುತ್ತಾರೆ. ಪ್ರಸಾರಕ್ಕೆ ಹತ್ತು ನಿಮಿಷ ಮುಂಚೆ ಆ ಒಂದನ್ನು ಪರೀಕ್ಷಿಸದೆ ಬಿಟ್ಟರೆ ಉಳಿದೆಲ್ಲ ತಯಾರಿ ನೀರಿನಲ್ಲಿ ಹೋಮ.

ಬೆಳಕು, ಗೋಡೆಯ ಬಣ್ಣ, ಮೇಕಪ್ ಕೂಡ ಸಂಪಾದಕೀಯ ವಿಷಯಗಳೇ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ನಡೆದ, ಅಮೆರಿಕದ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನಡಿ–ನಿಕ್ಸನ್ ಟಿವಿ ಚರ್ಚೆಯನ್ನು ನಿರ್ದೇಶಿಸಿದ್ದು ಅಲ್ಲಿನ ಸಿಬಿಎಸ್ ಚಾನೆಲ್‌ನ ಡಾನ್ ಹ್ಯೂವಿಟ್. ಅವರು ಒದಗಿಸಿದ ಮೇಕಪ್ಪನ್ನು ಕೆನಡಿ ಬೇಡವೆಂದರು, ಅದನ್ನು ಕೇಳಿ ನಿಕ್ಸನ್ ಕೂಡ ಬೇಡವೆಂದರು. ಕಾಯಿಲೆಯಿಂದ ಎದ್ದು ಬಂದಿದ್ದ ನಿಕ್ಸನ್‌ರ ಬೂದು ಸೂಟು ಹಿಂದಿನ ಗೋಡೆಯಲ್ಲಿ ಕರಗಿಹೋಯಿತು. ಆ ಚುನಾವಣೆಯಲ್ಲಿ ಗೆದ್ದದ್ದು ಕೆನಡಿ.

ರನ್‌ಡೌನ್‌ನಿಂದ ಮೇಲಿನ ಮೆಟ್ಟಿಲು ಸೀನಿಯರ್ ಪ್ರೊಡ್ಯೂಸರ್‌ನದು. ಅಲ್ಲಿ ಸೆಕೆಂಡುಗಳ ಲೆಕ್ಕ ಬೇರೆಯವರದು, ಸ್ಟೋರಿಯ ಆಕಾರ ನಿಮ್ಮದು. 1963ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ಮತ್ತು ಅದರ ಎದುರಾಳಿ ಚಾನೆಲ್ ಎನ್‌ಬಿಸಿ ಒಂದು ವಾರದ ಅಂತರದಲ್ಲಿ ತಮ್ಮ ಸಂಜೆ ಸುದ್ದಿಯನ್ನು 15 ನಿಮಿಷದಿಂದ 30ಕ್ಕೆ ಏರಿಸಿದವು. ಹದಿನೈದು ನಿಮಿಷ ಹೆಚ್ಚು ಸಿಕ್ಕಿತು, ಇನ್ನಷ್ಟು ಸುದ್ದಿ ತುರುಕೋಣ ಎಂದುಕೊಳ್ಳುವುದು ಸಹಜ. ಎನ್‌ಬಿಸಿಯ ಹಂಟ್ಲಿ–ಬ್ರಿಂಕ್ಲಿ ಬುಲೆಟಿನ್ನಿನ ನಿರ್ಮಾಪಕ ರೂವನ್ ಫ್ರ್ಯಾಂಕ್ ತಮ್ಮ ಸಿಬ್ಬಂದಿಗೆ ಬರೆದ ಟಿಪ್ಪಣಿ ಹಾಗೆ ಹೇಳಲಿಲ್ಲ. ಪ್ರತಿ ಸುದ್ದಿಗೂ, ಸತ್ಯಕ್ಕೆ ಚ್ಯುತಿ ಬಾರದಂತೆ, ಆರಂಭ, ನಡು, ಅಂತ್ಯ ಇರಲಿ, ಸಂಘರ್ಷ ಇರಲಿ ಎಂದರು. ಇದನ್ನು ‘ಸುದ್ದಿಗೆ ಮಸಾಲೆ ಹಚ್ಚಿ’ ಎಂದು ಓದಿಕೊಂಡವರೇ ಜಾಸ್ತಿ. ಡೆಸ್ಕಿನಲ್ಲಿ ಅದರ ಅರ್ಥ ಬೇರೆ: ಎರಡು ನಿಮಿಷದ ಪ್ಯಾಕೇಜಿನಲ್ಲಿ ಒಂದು ಪ್ರಶ್ನೆ ಎತ್ತಿದರೆ ಅದಕ್ಕೆ ಆ ಎರಡು ನಿಮಿಷದಲ್ಲೇ ಉತ್ತರವಿರಬೇಕು, ಉತ್ತರವಿಲ್ಲದಿದ್ದರೆ ಇಲ್ಲವೆಂದು ಹೇಳಬೇಕು. ಬೈಟ್, ದೃಶ್ಯ, ಬೈಟ್, ಪಿಟಿಸಿ (ವರದಿಗಾರ ಕ್ಯಾಮೆರಾಗೆ ನೇರವಾಗಿ ಹೇಳುವ ಮಾತು) ಎಂದು ಜೋಡಿಸಿಟ್ಟದ್ದು ಸ್ಟೋರಿಯಲ್ಲ.

ಇನ್ನು ಹೊಸ ಕಾರ್ಯಕ್ರಮ. ಐಡಿಯಾ ಎಲ್ಲರ ಬಳಿಯೂ ಇರುತ್ತದೆ, ಇಲ್ಲದಿರುವುದು ಸ್ಲಾಟು, ಅಂದರೆ ಪ್ರಸಾರದ ಹೊತ್ತು. ಹಾಗಾಗಿ ಐಡಿಯಾ ಹಿಡಿದು ಸ್ಲಾಟ್ ಹುಡುಕುವುದಕ್ಕಿಂತ ಖಾಲಿ ಅಥವಾ ಸೋಲುತ್ತಿರುವ ಸ್ಲಾಟ್ ಗುರುತಿಸಿ ಅದಕ್ಕೆ ಒಪ್ಪುವುದನ್ನು ಕಟ್ಟುವುದು ಜಾಣತನ. ರೂನ್ ಆರ್ಲೆಡ್ಜ್ ಇದರಲ್ಲಿ ನಿಸ್ಸೀಮರು. ಅಮೆರಿಕದ ಇನ್ನೊಂದು ಚಾನೆಲ್ ಎಬಿಸಿಯ ಕ್ರೀಡಾ ವಿಭಾಗ ಕಟ್ಟಿದ್ದ ಅವರನ್ನು 1977ರಲ್ಲಿ ಸುದ್ದಿ ವಿಭಾಗಕ್ಕೂ ಅಧ್ಯಕ್ಷರನ್ನಾಗಿ ಮಾಡಿದಾಗ, ಆಟದವನಿಗೆ ಸುದ್ದಿಯೇನು ಗೊತ್ತು ಎಂದವರು ಆ ಕಟ್ಟಡದಲ್ಲೇ ಇದ್ದರು. 1979ರ ನವೆಂಬರ್ 4ರಂದು ಟೆಹ್ರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ ವಶವಾಯಿತು. ಕೆಲವೇ ದಿನಗಳಲ್ಲಿ ಆರ್ಲೆಡ್ಜ್ ರಾತ್ರಿ 11:30ಕ್ಕೆ ಪ್ರತಿದಿನ ವಿಶೇಷ ವರದಿ ಶುರುಮಾಡಿಸಿದರು. ಒತ್ತೆಯಾಳುಗಳ ಬಿಕ್ಕಟ್ಟು 444 ದಿನ ಎಳೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ನಾಲ್ಕೈದು ತಿಂಗಳೊಳಗೆ ತಡರಾತ್ರಿ ಸುದ್ದಿ ನೋಡುವ ಅಭ್ಯಾಸ ಬೆಳೆದಿತ್ತು. 1980ರ ಮಾರ್ಚ್ 24ರಂದು ಅದೇ ಜಾಗದಲ್ಲಿ ಟೆಡ್ ಕಾಪೆಲ್ ನಡೆಸಿಕೊಡುವ ‘ನೈಟ್‌ಲೈನ್’ ಶುರುವಾಯಿತು. ಘಟನೆ ಒದಗಿಸಿದ್ದು ಪ್ರೇಕ್ಷಕರನ್ನು, ಆರ್ಲೆಡ್ಜ್ ಮಾಡಿದ್ದು ಆ ಜಾಗವನ್ನು ಬಿಟ್ಟುಕೊಡದೆ ಇದ್ದದ್ದು.

ಸ್ಲಾಟ್ ಸಿಗುವ ಲಕ್ಷಣ ಕಂಡರೆ ಮೊದಲು ಫಾರ್ಮ್ಯಾಟ್ ದಾಖಲೆ ಬರೆಯಬೇಕು. ನಾಲ್ಕೈದು ಪುಟ ಸಾಕು. ಕಾರ್ಯಕ್ರಮ ಏನು ಎಂಬುದು ಒಂದೇ ವಾಕ್ಯದಲ್ಲಿ. ಆ ವಾಕ್ಯದಲ್ಲಿ ‘ಮತ್ತು’ ಎರಡು ಸಲ ಬಂದರೆ ಎರಡು ಕಾರ್ಯಕ್ರಮಗಳು ಸೇರಿಕೊಂಡಿವೆ ಎಂದರ್ಥ. ಆಮೇಲೆ ಗಡಿಯಾರ: ಯಾವ ನಿಮಿಷಕ್ಕೆ ಏನು, ಬ್ರೇಕ್ ಎಲ್ಲೆಲ್ಲಿ, ಬ್ರೇಕಿಗೆ ಹೋಗುವ ಮುಂಚೆ ಕೈಯಲ್ಲಿ ಏನು ಉಳಿಸಿಕೊಂಡಿರುತ್ತೇವೆ. ಆಮೇಲೆ ಈ ಕಾರ್ಯಕ್ರಮ ಏನು ಮಾಡುವುದಿಲ್ಲ ಎಂಬ ಪಟ್ಟಿ. ಇದನ್ನು ಬಿಡುವವರೇ ಹೆಚ್ಚು. ಮೂರು ತಿಂಗಳಾದ ಮೇಲೆ ಎಲ್ಲರೂ ತಮ್ಮ ತಮ್ಮ ಸರಕು ತಂದು ಸುರಿಯುವಾಗ ಕೈಹಿಡಿಯುವುದು ಅದೊಂದೇ.

ಆ ದಾಖಲೆಗೆ ಒಂದು ಪರೀಕ್ಷೆ ಇದೆ. ಹದಿಮೂರು ವಾರ, ಅಂದರೆ ಕಾಲು ವರ್ಷದ ಕಂತುಗಳ ವಿಷಯವನ್ನು ಕೂತು ಬರೆಯಿರಿ. ಮೊದಲ ನಾಲ್ಕು ಸರಾಗವಾಗಿ ಬರುತ್ತವೆ, ಅವು ಐಡಿಯಾ ಹುಟ್ಟಿದಾಗಲೇ ತಲೆಯಲ್ಲಿದ್ದವು. ಐದು ಆರರ ಹೊತ್ತಿಗೆ ಪೆನ್ನು ನಿಲ್ಲುತ್ತದೆ. ಏಳನೆಯದು ಎರಡನೆಯದರ ಹಾಗೇ ಕಾಣತೊಡಗಿದರೆ ಕೈಯಲ್ಲಿರುವುದು ಕಾರ್ಯಕ್ರಮವಲ್ಲ, ವಿಶೇಷ ಸರಣಿ. ಅದನ್ನು ನಾಲ್ಕೇ ಕಂತಾಗಿ ಮಾಡಿ ಮುಗಿಸುವುದು ಮರ್ಯಾದೆ.

ವಾರದ ಮ್ಯಾಗಜೀನ್ ಮಾದರಿಯಾದರೆ ಜನಬಲದ ಲೆಕ್ಕ ಬೇರೆ. ಕಂತಿಗೆ ಮೂರು ಸ್ಟೋರಿ, ವರ್ಷಕ್ಕೆ 40 ಹೊಸ ಕಂತು ಎಂದರೆ 120 ಸ್ಟೋರಿ. ಸಂಶೋಧನೆ, ಚಿತ್ರೀಕರಣ, ಸಂಕಲನ, ಪರಿಶೀಲನೆ ಸೇರಿ ಒಂದು ಸ್ಟೋರಿಗೆ ಎಂಟು ವಾರ ಹಿಡಿದರೆ ಒಬ್ಬ ಪ್ರೊಡ್ಯೂಸರ್ ವರ್ಷಕ್ಕೆ ಆರು ಸ್ಟೋರಿ ಕೊಡಬಲ್ಲ. ಅಲ್ಲಿಗೆ ಇಪ್ಪತ್ತು ಪ್ರೊಡ್ಯೂಸರ್‌ಗಳು ಬೇಕು. ಆಡಳಿತ ಮಂಡಳಿ ಎಂಟು ಜನರನ್ನು ಕೊಡುತ್ತೇವೆ ಎನ್ನುತ್ತದೆ. ಎಂಟು ಜನರಲ್ಲಿ ಮೂರು ಸ್ಟೋರಿಯ ಕಾರ್ಯಕ್ರಮ ಒಪ್ಪಿಕೊಂಡರೆ ಎಂಟು ವಾರದ ಕೆಲಸ ಮೂರು ವಾರಕ್ಕೆ ಇಳಿಯುತ್ತದೆ, ಪರಿಶೀಲನೆ ಮೊದಲು ಸಾಯುತ್ತದೆ. ಆಗ ಒಂದೇ ಸ್ಟೋರಿ ಮತ್ತು ಸ್ಟುಡಿಯೋ ಮಾತುಕತೆಯ ಕಾರ್ಯಕ್ರಮಕ್ಕೆ ಇಳಿಯುವುದು ವಾಸಿ. ಪ್ರಸಾರ ಶುರುವಾಗುವ ದಿನ ಕನಿಷ್ಠ ಆರು ಸಿದ್ಧ ಸ್ಟೋರಿ ಕಪಾಟಿನಲ್ಲಿರಬೇಕು, ಅವುಗಳಲ್ಲಿ ನಾಲ್ಕು ಹಳಸದಂಥವು.

ಸ್ಟೋರಿ ಕತ್ತರಿಸುವ ಹಂತ ನೋಡಲು ನೀರಸ, ಆದರೆ ಕಾರ್ಯಕ್ರಮದ ಗುಣ ನಿಲ್ಲುವುದು ಅಲ್ಲೇ. ಒಂದು ಗಂಟೆಯ ಸಂದರ್ಶನದ ಪೂರ್ತಿ ಲಿಖಿತ ಪ್ರತಿ ತೆಗೆಸಬೇಕು. ಅದರಲ್ಲಿ ಗುರುತು ಹಾಕಿ ಕಾಗದದ ಮೇಲೆ ಮೊದಲು ಸಂಕಲನ, ಆಮೇಲೆ ರಫ್ ಕಟ್ (ಕಚ್ಚಾ ಸಂಕಲನ), ಆಮೇಲೆ ಎಲ್ಲರೂ ಕೂತು ನೋಡುವ ಸ್ಕ್ರೀನಿಂಗ್. ಹ್ಯೂವಿಟ್‌ರ ಸ್ಕ್ರೀನಿಂಗುಗಳು ಜಗಳಕ್ಕೆ ಹೆಸರಾಗಿದ್ದವು. ಟಿವಿ ಮುಂದೆ ಜನರನ್ನು ಹಿಡಿದಿಡುವುದು ಕಣ್ಣಿಗಿಂತ ಕಿವಿ ಎಂಬುದು ಅವರ ನಂಬಿಕೆ. ಇದನ್ನು ಪರೀಕ್ಷಿಸುವುದು ಸುಲಭ. ರಫ್ ಕಟ್ಟನ್ನು ಪರದೆಗೆ ಬೆನ್ನು ಹಾಕಿ ಕೇಳಿ. ಎಲ್ಲಿ ಗಮನ ಜಾರಿತೋ ಅಲ್ಲಿ ಬರವಣಿಗೆ ಸೋತಿದೆ, ಎಷ್ಟು ಚೆಂದದ ಡ್ರೋನ್ ಶಾಟ್ ಇದ್ದರೂ ಅದು ಮುಚ್ಚಿಹೋಗುವುದಿಲ್ಲ. ಸ್ಕ್ರೀನಿಂಗಿನಲ್ಲಿ ಆ ಸ್ಟೋರಿಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಾದರೂ ಇರಬೇಕು, ಅವರು ಮೊದಲು ಮಾತಾಡಬೇಕು. ಬಾಸ್ ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ.

ಪೈಲಟ್, ಅಂದರೆ ಪ್ರಯೋಗದ ಕಂತು, ಎರಡು ಬೇಕು. ಒಂದು ಸುದ್ದಿಯೇ ಇಲ್ಲದ ಸಪ್ಪೆ ದಿನದಂದು, ಇನ್ನೊಂದು ದೊಡ್ಡ ಸುದ್ದಿ ಒಡೆದ ದಿನದಂದು. ಒಳ್ಳೆ ದಿನದ ಪೈಲಟ್ ನೋಡಿ ಒಪ್ಪಿಗೆ ಪಡೆದ ಕಾರ್ಯಕ್ರಮ ಸಪ್ಪೆ ದಿನ ಬಂದೊಡನೆ ಮುಗ್ಗರಿಸುತ್ತದೆ. ಪೈಲಟ್ಟನ್ನು ನಿಜವಾದ ಪ್ರಸಾರದಂತೆ ಒಂದೇ ಓಟದಲ್ಲಿ, ಬ್ರೇಕಿನ ಅವಧಿಯನ್ನೂ ಬಿಡದೆ ಓಡಿಸಬೇಕು. ನಿಲ್ಲಿಸಿ ನಿಲ್ಲಿಸಿ ಮಾಡಿದ ಪೈಲಟ್ ಏನನ್ನೂ ಕಲಿಸುವುದಿಲ್ಲ. ಹಾಗಿದ್ದೂ ಮೊದಲ ಕಂತು ನೆಲಕಚ್ಚಬಹುದು. ಎಬಿಸಿಯ ‘20/20’ 1978ರ ಜೂನ್ 6ರಂದು ಶುರುವಾದಾಗ ವಿಮರ್ಶಕರು ಹರಿದು ಹಾಕಿದರು. ಆರ್ಲೆಡ್ಜ್ ಸಮಜಾಯಿಷಿ ಕೊಡುತ್ತಾ ಕೂರಲಿಲ್ಲ. ಇಬ್ಬರು ನಿರೂಪಕರನ್ನೂ ಬದಲಿಸಿ ಮರುವಾರವೇ ಹ್ಯೂ ಡೌನ್ಸ್‌ರನ್ನು ತಂದು ಕೂರಿಸಿದರು. ಕಾರ್ಯಕ್ರಮ ದಶಕಗಳ ಕಾಲ ನಡೆಯಿತು. ಸ್ವರೂಪ ಸರಿಯಿದ್ದು ಮುಖ ತಪ್ಪಾಗಿದ್ದರೆ ಮುಖ ಬದಲಿಸಬೇಕು, ಸ್ವರೂಪವೇ ತಪ್ಪಿದ್ದರೆ ಯಾವ ಮುಖ ತಂದರೂ ಲಾಭವಿಲ್ಲ. ಇವೆರಡರಲ್ಲಿ ಯಾವುದು ಎಂದು ಹೇಳಬಲ್ಲವರೇ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆಗಲು ಲಾಯಕ್ಕು.

ರೇಟಿಂಗ್ ವಿಚಾರದಲ್ಲಿ, ಸಿಬಿಎಸ್‌ಗೆ ಹ್ಯೂವಿಟ್ ಕಟ್ಟಿಕೊಟ್ಟ ಮ್ಯಾಗಜೀನ್ ಕಾರ್ಯಕ್ರಮ ‘60 ಮಿನಿಟ್ಸ್’ನ ಉದಾಹರಣೆ ಎಲ್ಲರೂ ಕೊಡುತ್ತಾರೆ, ಅರ್ಧ ಹೇಳಿ ಬಿಡುತ್ತಾರೆ. 1968ರ ಸೆಪ್ಟೆಂಬರ್ 24ರಂದು ಮಂಗಳವಾರ ರಾತ್ರಿ, ಎರಡು ವಾರಕ್ಕೊಮ್ಮೆ ಎಂಬಂತೆ ಶುರುವಾಗಿ ವರ್ಷಗಟ್ಟಲೆ ಕೆಳಗೇ ಇತ್ತು. 1975ರ ಡಿಸೆಂಬರ್‌ನಲ್ಲಿ ಭಾನುವಾರ ಸಂಜೆ 7ಕ್ಕೆ ಹೋದ ಮೇಲೆ ಏರತೊಡಗಿತು, 1979–80ರ ಸಾಲಿನಲ್ಲಿ ಅಮೆರಿಕದ ಎಲ್ಲ ಕಾರ್ಯಕ್ರಮಗಳಿಗಿಂತ ಮೇಲಿತ್ತು. ತಾಳ್ಮೆ ಇರಲಿ ಎಂಬುದಷ್ಟೇ ಇದರ ಪಾಠವಲ್ಲ. ಸ್ಲಾಟ್ ಬದಲಾಯಿತು ಎಂಬುದೂ ಅಷ್ಟೇ ಮುಖ್ಯ. ಶೀರ್ಷಿಕೆ ಸಂಗೀತದ ಬದಲು ಸ್ಟಾಪ್‌ವಾಚಿನ ಟಿಕ್ ಟಿಕ್, ತಲಾ 12–13 ನಿಮಿಷದ ಮೂರು ಸ್ಟೋರಿಗಳ ಗಡಿಯಾರ ಹಾಗೇ ಉಳಿದವು. ಸೋಲಿನ ವರ್ಷಗಳಲ್ಲಿ ಗಾಬರಿಯಿಂದ ಸ್ವರೂಪ ಕಲಸಿಬಿಟ್ಟಿದ್ದರೆ ಹೊಸ ಸ್ಲಾಟಿನಲ್ಲಿ ಗೆಲ್ಲಲು ಏನೂ ಉಳಿದಿರುತ್ತಿರಲಿಲ್ಲ. ನಿಮಿಷವಾರು ರೇಟಿಂಗ್ ಓದುವಾಗಲೂ ಇದೇ ಎಚ್ಚರ ಬೇಕು. ಗ್ರಾಫ್ ಕುಸಿದ ನಿಮಿಷದ ಸ್ಟೋರಿಯನ್ನು ಬೈಯುವ ಮುಂಚೆ, ಅದೇ ನಿಮಿಷಕ್ಕೆ ಎದುರು ಚಾನೆಲ್ ಬ್ರೇಕಿನಿಂದ ಮರಳಿತೇ ನೋಡಿ. ಚಿಕ್ಕ ಸ್ಯಾಂಪಲ್ಲಿನಲ್ಲಿ ನಾಲ್ಕು ಮನೆಯವರು ಊಟಕ್ಕೆ ಎದ್ದರೂ ಗ್ರಾಫ್ ಬೀಳುತ್ತದೆ.

ಸುದ್ದಿ ಮುಖ್ಯಸ್ಥರ ಕುರ್ಚಿಗೆ ಬಂದ ಮೇಲೆ ಕಾರ್ಯಕ್ರಮ ಮಾಡುವ ಸುಖ ಮುಗಿಯಿತು. ಅರ್ಧ ದಿನ ಬಜೆಟ್ಟು, ಕಾಲು ದಿನ ಸಿಬ್ಬಂದಿ ತಕರಾರು, ಉಳಿದದ್ದು ವಕೀಲರು. ವಕೀಲರ ಭಾಗ ಮಾತ್ರ ವಿವರಕ್ಕೆ ಯೋಗ್ಯ. ಆರೋಪವಿರುವ ಪ್ರತಿ ಸ್ಟೋರಿಯ ಸ್ಕ್ರಿಪ್ಟಿಗೂ ಪಕ್ಕದಲ್ಲೇ ಒಂದು ಆಧಾರ ಪ್ರತಿ ಬೇಕು: ಪ್ರತಿ ವಾಕ್ಯಕ್ಕೆ ಯಾವ ದಾಖಲೆ, ಯಾರ ಹೇಳಿಕೆ, ಯಾವ ಫೂಟೇಜಿನ ಯಾವ ಟೈಮ್‌ಕೋಡ್. ಆರೋಪ ಹೊತ್ತವರಿಗೆ ಪ್ರತಿಕ್ರಿಯೆ ಕೇಳಿದ್ದು ಯಾವಾಗ, ಎಷ್ಟು ಹೊತ್ತು ಕೊಟ್ಟೆವು, ನಿರ್ದಿಷ್ಟವಾಗಿ ಯಾವ ಆರೋಪ ತಿಳಿಸಿದೆವು ಎಂಬುದು ಲಿಖಿತವಾಗಿರಬೇಕು. ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಸಾಲಿನ ಹಿಂದೆ ಪ್ರಸಾರಕ್ಕೆ ಇಪ್ಪತ್ತು ನಿಮಿಷ ಮುಂಚಿನ ಒಂದೇ ಮಿಸ್ಡ್ ಕಾಲ್ ಇದ್ದರೆ ಅದು ಸುಳ್ಳೇ. ಸಂದರ್ಶನದ ಪೂರ್ತಿ ಫೂಟೇಜ್ ಅಳಿಸಬಾರದು. ಕತ್ತರಿಸಿ ಅರ್ಥ ತಿರುಚಿದ್ದೀರಿ ಎಂಬ ದೂರಿಗೆ ಉತ್ತರ ಅದರಲ್ಲೇ ಇರುವುದು. ತಪ್ಪಾಗಿದ್ದರೆ ತಿದ್ದುಪಡಿ ಅದೇ ಕಾರ್ಯಕ್ರಮದಲ್ಲಿ, ಅದೇ ಆಂಕರ್ ಬಾಯಲ್ಲಿ ಬರಬೇಕು, ಟಿಕ್ಕರ್‌ನಲ್ಲಿ ಅಲ್ಲ.

ಮಾಲೀಕರೊಂದಿಗಿನ ಜಗ್ಗಾಟ ಕೊನೆಗೆ ನಿಲ್ಲುವುದು ಸಮಯದ ಮೇಲೆಯೇ. 1954ರ ಮಾರ್ಚ್ 9ರಂದು ಕಮ್ಯುನಿಸ್ಟರೆಂದು ಜನರನ್ನು ಬೇಟೆಯಾಡುತ್ತಿದ್ದ ಸೆನೆಟರ್ ಮೆಕಾರ್ಥಿ ಕುರಿತು ‘ಸೀ ಇಟ್ ನೌ’ ಕಾರ್ಯಕ್ರಮದ ಕಂತು ಪ್ರಸಾರ ಮಾಡುವಾಗ ಸಿಬಿಎಸ್ ಅದಕ್ಕೆ ಜಾಹೀರಾತು ಕೊಡಲಿಲ್ಲ. ಅದರ ನಿರೂಪಕ ಎಡ್ವರ್ಡ್ ಮರೋ ಮತ್ತು ನಿರ್ಮಾಪಕ ಫ್ರೆಡ್ ಫ್ರೆಂಡ್ಲಿ ತಮ್ಮದೇ ದುಡ್ಡಿನಲ್ಲಿ ಪತ್ರಿಕೆಗೆ ಜಾಹೀರಾತು ಹಾಕಿಸಿದರು. ಅದೇ ಫ್ರೆಂಡ್ಲಿ ಮುಂದೆ ಸಿಬಿಎಸ್ ನ್ಯೂಸ್‌ನ ಅಧ್ಯಕ್ಷರಾಗಿದ್ದಾಗ, 1966ರ ಫೆಬ್ರವರಿಯಲ್ಲಿ, ವಿಯೆಟ್ನಾಂ ಕುರಿತ ಸೆನೆಟ್ ವಿಚಾರಣೆಯ ನೇರ ಪ್ರಸಾರ ಬಿಟ್ಟು ‘ಐ ಲವ್ ಲೂಸಿ’ ಹಾಸ್ಯ ಸರಣಿಯ ಮರುಪ್ರಸಾರಕ್ಕೆ ಸಂಸ್ಥೆ ಜಾಗ ಕೊಟ್ಟಿತು. ಫ್ರೆಂಡ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಸುದ್ದಿ ಮುಖ್ಯಸ್ಥನಿಗೆ ಸುದ್ದಿಯ ಮೇಲೆ ಅಧಿಕಾರವಿದೆ, ಆದರೆ ಸ್ಲಾಟಿನ ಮೇಲಿಲ್ಲ. ನೇಮಕದ ಮಾತುಕತೆಯಲ್ಲೇ ಕೇಳಿ ಬರೆಸಿಕೊಳ್ಳಬೇಕಾದ ಪ್ರಶ್ನೆ ಇದು: ದೊಡ್ಡ ಸುದ್ದಿ ಬಂದಾಗ ಮನರಂಜನೆಯ ಹೊತ್ತನ್ನು ಮುರಿಯಲು ಯಾರ ಸಹಿ ಬೇಕು?

ಇದೇ ಫ್ರೆಂಡ್ಲಿ 1964ರ ಕೊನೆಗೆ ಹ್ಯೂವಿಟ್‌ರನ್ನು ಸಂಜೆ ಸುದ್ದಿಯಿಂದ ಎತ್ತಿ ಬದಿಗೆ ಕೂರಿಸಿದ್ದರು. ‘60 ಮಿನಿಟ್ಸ್’ನ ಯೋಜನೆ ಮೂಡಿದ್ದು ಅದರ ಮುಂದಿನ ವರ್ಷಗಳಲ್ಲಿ. ಈ ವೃತ್ತಿಯಲ್ಲಿ ಮೂಲೆಗೆ ಹಾಕಿಸಿಕೊಳ್ಳದವರು ಕಡಿಮೆ. ದಿನದ ಬುಲೆಟಿನ್ ಕೈಯಲ್ಲಿರುವಾಗ ಹೊಸದನ್ನು ಯೋಚಿಸಲು ಪುರುಸೊತ್ತು ಇರುವುದಿಲ್ಲ ಎಂಬುದೂ ನಿಜ.

ಕಾರ್ಯಕ್ರಮ ಕೈಬಿಡುವ ಹೊತ್ತಿಗೂ ಒಂದು ಕ್ರಮವಿದೆ. ಹ್ಯೂವಿಟ್ 2004ರಲ್ಲಿ, ಎಂಬತ್ತು ದಾಟಿದ ಮೇಲೆ, ‘60 ಮಿನಿಟ್ಸ್’ನಲ್ಲಿ ಜೆಫ್ ಫೇಗರ್‌ಗೆ ಜಾಗ ಬಿಟ್ಟರು. ಅಷ್ಟು ವರ್ಷ ಯಾರಿಗೂ ಸಿಗುವುದಿಲ್ಲ, ಹಾಗಾಗಿ ಹಸ್ತಾಂತರದ ಕಡತ ಮೊದಲ ವರ್ಷದಿಂದಲೇ ತಯಾರಾಗುತ್ತಿರಬೇಕು. ತಿದ್ದಿದ ದಿನಾಂಕಗಳ ಸಮೇತ ಫಾರ್ಮ್ಯಾಟ್ ದಾಖಲೆ, ಬದಲಾವಣೆ ಏಕೆ ಮಾಡಿದೆವು ಎಂಬ ಒಂದೊಂದು ಸಾಲು, ತಿರಸ್ಕರಿಸಿದ ಸ್ಟೋರಿಗಳ ಪಟ್ಟಿ ಕಾರಣದೊಂದಿಗೆ, ಫ್ರೀಲ್ಯಾನ್ಸ್ ಕ್ಯಾಮೆರಾದವರಿಗೆ ಕೊಡಬೇಕಾದ ಬಾಕಿ, ಆರ್ಕೈವ್ ಫೂಟೇಜಿನ ಹಕ್ಕು ಯಾರದು ಮತ್ತು ಎಂದಿನವರೆಗೆ ಎಂಬ ವಿವರ. ಈ ಕೊನೆಯದನ್ನು ಬರೆದಿಡದೆ ಹೋದರೆ ಎರಡು ವರ್ಷದ ಮೇಲೆ ಮರುಪ್ರಸಾರಕ್ಕೆಂದು ಹಳೆ ಕಂತು ತೆಗೆದ ಹೊಸಬರಿಗೆ ಸಂಗೀತ ಕಂಪನಿಯಿಂದ ನೋಟಿಸ್ ಬರುತ್ತದೆ.